ಬಚ್ಚಲ ಹಂಡೆಯ ಲೆಕ್ಕ
ಗ್ರಾಮೀಣ ಮನೆಗಳಲ್ಲಿ ಬಿಸಿನೀರು ಮತ್ತು ಇಂಧನದ ಮಿತವ್ಯಯ: ಒಂದು ಪಾಠ

ನಾವು ಕಲಿತ ಶಾಲೆಯು ಐವತ್ತು ಸಂವತ್ಸರಗಳನ್ನು ಪೂರೈಸಿ ಸುವರ್ಣ ಮಹೋತ್ಸವವನ್ನು ಆಚರಿಸುತ್ತಿರುವ ಈ ಸಂದರ್ಭದಲ್ಲಿ, ಸ್ಮರಣ ಸಂಚಿಕೆಗೆ ಉಪಯುಕ್ತವಾದ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಸಮಿತಿಯ ಮಿತ್ರರು ಕೇಳಿಕೊಂಡರು. ಆಗ ನನ್ನ ನೆನಪಿಗೆ ಮೊದಲು ಬಂದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ, ಎಂಟನೆಯ ತರಗತಿಯ ಕಪ್ಪುಹಲಗೆಯ ಮೇಲೆ ನಮ್ಮ ವಿಜ್ಞಾನದ ಗುರುಗಳು ಬರೆದ ಒಂದು ಪ್ರಶ್ನೆ: “ಉಳಿದ ಏಳು ಕಿಲೋ ಎಲ್ಲಿ ಹೋಯಿತು?”

ಉಷ್ಣದ ಪಾಠವನ್ನು ಆರಂಭಿಸುವ ಮುನ್ನಾದಿನ ಅವರು ನಮಗೆಲ್ಲ ಒಂದು ಮನೆಗೆಲಸವನ್ನು ಕೊಟ್ಟಿದ್ದರು. ಮನೆಯ ಬಚ್ಚಲ ಹಂಡೆಯನ್ನು ಕಾಯಿಸಲು ಒಂದು ದಿನಕ್ಕೆ ಎಷ್ಟು ಸೌದೆ ಬೇಕೆಂಬುದನ್ನು ತೂಗಿ ನೋಡಿಕೊಂಡು ಬರಬೇಕು. ಅಡಿಕೆ ತೂಗುವ ತಕ್ಕಡಿ ನಮ್ಮ ಮನೆಯಲ್ಲಿತ್ತು. ನಮ್ಮ ಹಂಡೆಗೆ ಹಿಡಿಯುತ್ತಿದ್ದ ನೀರು ನೂರು ಲೀಟರಿನಷ್ಟು. ಉರಿಸಿದ ಸೌದೆ ಎಂಟು ಕಿಲೋ. ಗುರುಗಳು ಹಲಗೆಯ ಮೇಲೆ ಲೆಕ್ಕ ಮಾಡಿ, ಆ ನೀರನ್ನು ಕಾಯಿಸಲು ಒಂದೇ ಕಿಲೋ ಒಣ ಸೌದೆಯ ಉಷ್ಣ ಸಾಕೆಂದು ತೋರಿಸಿದರು. ಅನಂತರ ಬರೆದದ್ದೇ ಮೇಲಿನ ಪ್ರಶ್ನೆ. ಮುಂದೆ ನಾನೂ ವಿಜ್ಞಾನದ ಅಧ್ಯಾಪಕನಾಗಿ ಅದೇ ಪ್ರಶ್ನೆಯನ್ನು ಅನೇಕ ವರ್ಷಗಳ ಕಾಲ ಮಕ್ಕಳ ಮುಂದಿಟ್ಟಿದ್ದೇನೆ. ಈಗ ಆ ಪಾಠವನ್ನು ಹಳೆಯ ವಿದ್ಯಾರ್ಥಿಗಳ ಮತ್ತು ಊರಿನ ಕನ್ನಡ ಕುಟುಂಬಗಳ ಮುಂದಿಡುತ್ತಿದ್ದೇನೆ. ಅಡುಗೆಮನೆಗೆ ಅನಿಲ ಬಂದು ವರ್ಷಗಳು ಕಳೆದರೂ ನಮ್ಮಲ್ಲಿ ಎಷ್ಟೋ ಮನೆಗಳ ಬಚ್ಚಲಲ್ಲಿ ಇಂದಿಗೂ ಹಳೆಯ ಒಲೆಯೇ ಉರಿಯುತ್ತಿರುವುದರಿಂದ, ಈ ಲೆಕ್ಕ ಇನ್ನೂ ಹಳತಾಗಿಲ್ಲ.

ನಮ್ಮ ಬಚ್ಚಲಿನ ಪದ್ಧತಿ

ಕಾಸರಗೋಡಿನ ಕನ್ನಡ ಮನೆಗಳಲ್ಲಿ ಬಚ್ಚಲುಕೊಟ್ಟಿಗೆ ಸಾಮಾನ್ಯವಾಗಿ ಮನೆಯಿಂದ ಸ್ವಲ್ಪ ದೂರದಲ್ಲಿ, ಬಾವಿಯ ಸಮೀಪದಲ್ಲಿರುತ್ತದೆ. ಗುಡ್ಡದ ಬುಡದಲ್ಲಿ ಸುರಂಗವಿರುವ ಮನೆಗಳಲ್ಲಾದರೆ ಪಂಪಿನ ಹಂಗಿಲ್ಲದೆ ನೀರು ತಾನಾಗಿ ಹರಿದು ಬರುತ್ತದೆ. ಮಣ್ಣಿನ ಅಥವಾ ಮುರಕಲ್ಲಿನ ಒಲೆಯ ಮೇಲೆ ಕುತ್ತಿಗೆಯವರೆಗೆ ಹೂತಂತೆ ಕೂರಿಸಿದ ತಾಮ್ರದ ಹಂಡೆ, ಪಕ್ಕದಲ್ಲಿ ತಣ್ಣೀರಿನ ತೊಟ್ಟಿ, ಮೇಲೆ ಅಟ್ಟ. ಇಂಧನವೆಲ್ಲ ತೋಟದ್ದೇ: ತೆಂಗಿನ ಮಡಲು, ಕೊತ್ತಳಿಗೆ, ಗೆರಟೆ, ಸಿಪ್ಪೆ, ಅಡಿಕೆಯ ಸೋಗೆ, ಬಿದ್ದ ಮರದ ತುಂಡುಗಳು.

ಈ ಒಲೆಯು ನೀರು ಕಾಯಿಸುವುದಕ್ಕಷ್ಟೇ ಇದ್ದದ್ದಲ್ಲ ಎಂಬುದನ್ನು ಮೊದಲೇ ಹೇಳಬೇಕು. ಆಟಿ ತಿಂಗಳ ಬಿಡದ ಮಳೆಯಲ್ಲಿ ಮಕ್ಕಳ ಶಾಲೆಯ ಅಂಗಿ ಒಣಗುತ್ತಿದ್ದುದು ಅದರ ಮೇಲಿನ ಅಟ್ಟದಲ್ಲಿ. ಮರುದಿನಕ್ಕೆ ಬೇಕಾದ ಸೌದೆಯ ತೇವವೂ ಅಲ್ಲಿಯೇ ಆರುತ್ತಿತ್ತು. ಬೂದಿ ಪಾತ್ರೆ ತಿಕ್ಕುವುದಕ್ಕೂ ತೆಂಗಿನ ಬುಡಕ್ಕೂ ಸಲ್ಲುತ್ತಿತ್ತು. ದೀಪಾವಳಿಯ ನೀರು ತುಂಬುವ ಹಬ್ಬದಂದು ಹಂಡೆಯನ್ನು ಹುಣಸೆಹುಳಿಯಿಂದ ಬೆಳಗಿ, ಬಿಳಿಯ ಸೇಡಿಯಿಂದ ಗೆರೆ ಎಳೆದು, ಹೂವಿನ ಮಾಲೆ ಕಟ್ಟಿ, ಜಾಗಟೆ ಬಾರಿಸುತ್ತ ನೀರು ತುಂಬಿಸುವ ಸಂಭ್ರಮವನ್ನು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ. ಹೀಗಿರುವ ಒಲೆಯನ್ನು ಬದಲಾಯಿಸಿ ಎನ್ನುವವನು ಅದರ ಕೆಲಸಗಳನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅದನ್ನು ತೆಗೆದುಕೊಳ್ಳದೆ ನಾನೇ ಒಮ್ಮೆ ತಪ್ಪಿದ್ದೇನೆ. ಅದನ್ನು ಮುಂದೆ ಹೇಳುತ್ತೇನೆ.

ಆದರೆ ಈ ಒಲೆಯ ಮುಂದೆ ಮುಂಜಾವ ನಾಲ್ಕೂವರೆಗೆ ಕುಳಿತು ಊದುಕೊಳವೆಯಿಂದ ಊದುತ್ತಿದ್ದವರು ಯಾರೆಂಬುದನ್ನೂ ನಾವು ಮರೆಯಬಾರದು. ನನ್ನ ತಾಯಿಯ ಕೆಮ್ಮು ನಮಗೆ ಮನೆಯ ಎಚ್ಚರಿಕೆಯ ಗಂಟೆಯಾಗಿತ್ತು. ಅದನ್ನು ಕಾಯಿಲೆ ಎಂದು ನಾವು ಯಾರೂ ಎಣಿಸಲಿಲ್ಲ. ಒಲೆ ಉರಿಸುವವರಿಗೆ ಕೆಮ್ಮು ಸಹಜವೆಂದೇ ಭಾವಿಸಿದ್ದೆವು. ಮನೆಯೊಳಗಿನ ಹೊಗೆ ಮತ್ತು ವಾಯುಮಾಲಿನ್ಯದಿಂದ 2020ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಮಂದಿ ಅಕಾಲದಲ್ಲಿ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಶ್ವಾಸಕೋಶದ ದೀರ್ಘಕಾಲದ ಬೇನೆ, ಹೃದ್ರೋಗ, ಮಕ್ಕಳ ನ್ಯುಮೋನಿಯಾ ಇವುಗಳಲ್ಲಿ ಸೇರಿವೆ. ಕಣ್ಣಿನ ಪೊರೆಗೂ ಹೊಗೆಗೂ ಸಂಬಂಧವಿದೆಯೆಂದು ವೈದ್ಯಶಾಸ್ತ್ರ ಹೇಳುತ್ತದೆ. ಆದುದರಿಂದ ಸೌದೆಯ ಲೆಕ್ಕವೆಂಬುದು ಹಣದ ಲೆಕ್ಕಕ್ಕಿಂತ ಮೊದಲು ಉಸಿರಿನ ಲೆಕ್ಕವಾಗಿದೆ.

ಕಪ್ಪುಹಲಗೆಯ ಲೆಕ್ಕ

ಒಂದು ಲೀಟರ್ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿಸಲು ಬೇಕಾಗುವ ಉಷ್ಣವೇ ಒಂದು ಕಿಲೋಕ್ಯಾಲೊರಿ. ಬಾವಿಯ ನೀರು 25 ಡಿಗ್ರಿ ಇದೆಯೆಂದಿಟ್ಟುಕೊಳ್ಳೋಣ. ಅದನ್ನು 60 ಡಿಗ್ರಿಗೆ ಏರಿಸಬೇಕಾದರೆ ಏರಿಕೆ 35 ಡಿಗ್ರಿ. ನೂರು ಲೀಟರಿಗೆ 100 × 35 = 3,500 ಕಿಲೋಕ್ಯಾಲೊರಿ. ಗಾಳಿಯಲ್ಲಿ ಚೆನ್ನಾಗಿ ಒಣಗಿದ ಒಂದು ಕಿಲೋ ಸೌದೆ ಪೂರ್ತಿಯಾಗಿ ಉರಿದಾಗ ಹೊರಬರುವ ಉಷ್ಣವೂ ಸುಮಾರು 3,500 ಕಿಲೋಕ್ಯಾಲೊರಿ. ಉಷ್ಣವೆಲ್ಲವೂ ನೀರಿಗೇ ಸೇರಿದರೆ ಒಂದು ಕಿಲೋ ಸಾಕು. ನಾವು ಉರಿಸಿದ್ದು ಎಂಟು ಕಿಲೋ. ಅಂದರೆ ಎಂಟರಲ್ಲಿ ಒಂದು ಪಾಲು ಮಾತ್ರ ನೀರಿಗೆ ತಲುಪಿತು. ಒಲೆಯ ದಕ್ಷತೆ ನೂರಕ್ಕೆ ಹನ್ನೆರಡೂವರೆ.

ವರ್ಷದ ಲೆಕ್ಕ ಹಾಕಿದರೆ ದಿನಕ್ಕೆ ಎಂಟು ಕಿಲೋದಂತೆ 2,920 ಕಿಲೋ, ಹತ್ತಿರಹತ್ತಿರ ಮೂರು ಟನ್. ಇದನ್ನು ಕಡಿದು, ಹೊತ್ತು, ಒಣಗಿಸಿ, ಮಳೆಗಾಲಕ್ಕೆ ಮೊದಲು ಕೊಟ್ಟಿಗೆಗೆ ತುಂಬಬೇಕು. ತೋಟದ ಮಡಲು ಧರ್ಮಕ್ಕೆ ಸಿಗುತ್ತದೆ ಎಂದು ನಾವು ಹೇಳುತ್ತೇವೆ. ಅದನ್ನು ಹೆಕ್ಕಿ ಹೊರುವವರ ದಿನಗೂಲಿಯನ್ನು ಹಿಡಿದರೆ ಅದು ಧರ್ಮದ್ದಲ್ಲ. ಅದೇ ಮಡಲು ಮತ್ತು ಸೋಗೆ ತೋಟದ ಬುಡಕ್ಕೆ ಬಿದ್ದರೆ ಗೊಬ್ಬರವಾಗುತ್ತದೆ. ಹೊತ್ತು ತರುವ ಕೆಲಸ ಹೆಚ್ಚಾಗಿ ಮನೆಯ ಹೆಂಗಸರ ಮತ್ತು ಮಕ್ಕಳ ಪಾಲಿನದಾಗಿದ್ದುದರಿಂದ ಅದಕ್ಕೆ ಯಾರೂ ಬೆಲೆ ಕಟ್ಟಲಿಲ್ಲ.

ಏಳು ಕಿಲೋ ಎಲ್ಲಿ ಹೋಯಿತು?

ಒಂದನೆಯದಾಗಿ, ತೆರೆದ ಬಾಯಿಯ ಒಲೆಯೊಳಗೆ ಉರಿಯಲು ಬೇಕಾದುದಕ್ಕಿಂತ ಎಷ್ಟೋ ಹೆಚ್ಚು ಗಾಳಿ ನುಗ್ಗುತ್ತದೆ. ಆ ಹೆಚ್ಚುವರಿ ಗಾಳಿಯೂ ಬಿಸಿಯಾಗಿ ಹೊರಗೆ ಹೋಗುತ್ತದೆ. ನೀರಿಗೆ ಸಲ್ಲಬೇಕಾದ ಉಷ್ಣವನ್ನು ತನ್ನೊಡನೆ ಒಯ್ಯುತ್ತದೆ.

ಎರಡನೆಯದಾಗಿ, ಜ್ವಾಲೆ ಹಂಡೆಯ ತಳವನ್ನು ಸವರಿ, ಹಿಂದಿನ ಅಥವಾ ಪಕ್ಕದ ಸಂದಿಯಿಂದ ನೇರವಾಗಿ ಹೊರಬೀಳುತ್ತದೆ. ಹಂಡೆಯ ಹೊಟ್ಟೆಯ ಸುತ್ತ ಅದು ಸುತ್ತಾಡಲು ದಾರಿಯೇ ಇರುವುದಿಲ್ಲ.

ಮೂರನೆಯದಾಗಿ, ಕೆಳಗಿನಿಂದ ಗಾಳಿ ಬಾರದಿರುವುದರಿಂದ ಕೆಂಡ ಬೂದಿಯಲ್ಲಿ ಹೂತುಹೋಗುತ್ತದೆ. ಸೌದೆ ಪೂರ್ತಿ ಉರಿಯುವುದಿಲ್ಲ. ನಾವು ಹೊಗೆಯೆಂದು ಕರೆಯುವುದರಲ್ಲಿ ಉರಿಯದೆ ಉಳಿದ ಇಂಧನವೇ ಬಹಳವಿದೆ. ಅಟ್ಟದ ತೊಲೆಗೆ ಹತ್ತಿದ ಮಸಿ, ಕಣ್ಣನ್ನು ಉರಿಸಿದ ಆವಿ, ಎಲ್ಲವೂ ಉರಿಯದ ಸೌದೆಯೇ. ಹೊಗೆ ಕಡಿಮೆಯಾಗುವ ಉಪಾಯವೂ ಸೌದೆ ಉಳಿಯುವ ಉಪಾಯವೂ ಬಹುಮಟ್ಟಿಗೆ ಒಂದೇ ಎಂಬುದು ಇದರಿಂದ ತಿಳಿಯುತ್ತದೆ.

ನಾಲ್ಕನೆಯದು ಹಸಿ ಸೌದೆ. ತೂಕದಲ್ಲಿ ನೂರಕ್ಕೆ ನಲವತ್ತು ಪಾಲು ನೀರಿರುವ ಸೌದೆಯ ಒಂದು ಕಿಲೋದಲ್ಲಿ ಉರಿಯುವ ಭಾಗ ಆರುನೂರು ಗ್ರಾಂ ಮಾತ್ರ. ಉಳಿದ ನಾನೂರು ಗ್ರಾಂ ನೀರನ್ನು ಆವಿಯಾಗಿಸುವುದಕ್ಕೂ ಅದರ ಉಷ್ಣವೇ ಖರ್ಚಾಗಬೇಕು. ಒಟ್ಟಿನಲ್ಲಿ ಒಣ ಸೌದೆಯ ಮೂರನೆಯ ಎರಡು ಪಾಲಿನಷ್ಟು ಉಷ್ಣವೂ ಕಷ್ಟದಿಂದ ದೊರೆಯುತ್ತದೆ, ಹೊಗೆ ಮಾತ್ರ ದುಪ್ಪಟ್ಟಾಗುತ್ತದೆ.

ಐದನೆಯದು ಮುಚ್ಚಳವಿಲ್ಲದ ಹಂಡೆ. ಕುದಿಯುವ ನೀರಿನ ಒಂದು ಲೀಟರ್ ಆವಿಯಾಗಿ ಹೋದರೆ ಸುಮಾರು 540 ಕಿಲೋಕ್ಯಾಲೊರಿ ಅದರೊಡನೆ ಹೋಯಿತು. ಅಷ್ಟು ಉಷ್ಣದಿಂದ ಇನ್ನೂ ಹದಿನೈದು ಲೀಟರ್ ನೀರನ್ನು ಸ್ನಾನಕ್ಕೆ ತಕ್ಕಷ್ಟು ಬಿಸಿ ಮಾಡಬಹುದಿತ್ತು. ಇಲ್ಲಿ ಇನ್ನೊಂದು ಮಾತನ್ನೂ ಗಮನಿಸಬೇಕು. ಸ್ನಾನಕ್ಕೆ ಬೇಕಾದದ್ದು 40 ಡಿಗ್ರಿಯ ಆಸುಪಾಸಿನ ನೀರು. 60 ಡಿಗ್ರಿಯ ಎಂಟು ಲೀಟರಿಗೆ ಹನ್ನೆರಡು ಲೀಟರ್ ತಣ್ಣೀರು ಬೆರೆಸಿದರೆ ಒಬ್ಬರ ಸ್ನಾನಕ್ಕೆ ಇಪ್ಪತ್ತು ಲೀಟರ್ ಹದವಾದ ನೀರು ಸಿದ್ಧ. ಆದುದರಿಂದ ನೂರು ಲೀಟರಿನ ಹಂಡೆಯನ್ನು ಕುದಿಯುವವರೆಗೆ ಉರಿಸುವುದು ಐದಾರು ಮಂದಿಯ ಮನೆಗೆ ಅನಗತ್ಯ. ಆದರೂ ನಾವೆಲ್ಲ ಹಾಗೆಯೇ ಮಾಡುತ್ತಿದ್ದೆವು.

ಒಲೆಯನ್ನೇ ತಿದ್ದುವುದು

ಈ ದೋಷಗಳನ್ನು ತಿದ್ದುವ ಪ್ರಯತ್ನಗಳು ನಮ್ಮ ಗಡಿಯ ಎರಡೂ ಕಡೆಗಳಲ್ಲಿ ನಡೆದಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಎ. ಕೆ. ಎನ್. ರೆಡ್ಡಿ ಅವರ ನೇತೃತ್ವದಲ್ಲಿ ಹಳ್ಳಿಗಳಿಗೆ ವಿಜ್ಞಾನವನ್ನು ತಲುಪಿಸುವ ಉದ್ದೇಶದಿಂದ ‘ಅಸ್ತ್ರ’ ಎಂಬ ಕೇಂದ್ರ ಹುಟ್ಟಿಕೊಂಡಿತು. ಅಲ್ಲಿ ಪ್ರೊ. ಕೆ. ಎಸ್. ಜಗದೀಶ್ ಮತ್ತು ಅವರ ಸಹೋದ್ಯೋಗಿಗಳು ಎಂಬತ್ತರ ದಶಕದಲ್ಲಿ ರೂಪಿಸಿದ ‘ಅಸ್ತ್ರ ಒಲೆ’ ಕರ್ನಾಟಕದ ಹಳ್ಳಿಗಳಲ್ಲಿ ಹೆಸರು ಮಾಡಿತು. ಅದೇ ತತ್ತ್ವವನ್ನು ಅನುಸರಿಸಿದ ಬಚ್ಚಲ ಒಲೆಯೂ ಬಂದಿತು. ಕೇರಳದಲ್ಲಿ ಶಾಸ್ತ್ರಸಾಹಿತ್ಯ ಪರಿಷತ್ತಿನವರು ರೂಪಿಸಿದ ‘ಪರಿಷತ್ ಅಡುಪ್ಪು’ ಮನೆಮನೆಯನ್ನು ಮುಟ್ಟಿತು. ಕೇಂದ್ರ ಸರಕಾರವು 1983ರಲ್ಲಿ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿ 2002ರವರೆಗೆ ನಡೆಸಿತು. ಆ ಕಾಲದಲ್ಲಿ ಕಟ್ಟಿದ ಒಲೆಗಳಲ್ಲಿ ಎಷ್ಟೋ ಕೆಲವು ವರ್ಷಗಳಲ್ಲೇ ಮೂಲೆಗುಂಪಾದವು. ಹೊಗೆಕೊಳವೆಯನ್ನು ಶುಚಿಗೊಳಿಸುವ ಕ್ರಮವನ್ನು ಯಾರೂ ಹೇಳಿಕೊಡದಿದ್ದದ್ದು, ಒಡೆದ ಜಾಲರಿಗೆ ಬದಲಿ ಸಿಗದಿದ್ದದ್ದು, ದೊಡ್ಡ ಕೊರಡು ತೂರಿಸಲೆಂದು ಒಲೆಯ ಬಾಯಿಯನ್ನು ಮನೆಯವರೇ ಒಡೆದು ಅಗಲಿಸಿದ್ದು ಇದಕ್ಕೆ ಕಾರಣಗಳು. ತತ್ತ್ವವನ್ನು ತಿಳಿಯದವನ ಕೈಯಲ್ಲಿ ಒಳ್ಳೆಯ ಒಲೆಯೂ ಕೆಡುತ್ತದೆ. ಆದುದರಿಂದ ಆ ತತ್ತ್ವವನ್ನು ಇಲ್ಲಿ ಕ್ರಮವಾಗಿ ಹೇಳುತ್ತೇನೆ.

ಸೌದೆ ನೆಲದ ಮೇಲಲ್ಲ, ಬೆರಳು ಸಂದಿಯ ಕಬ್ಬಿಣದ ಜಾಲರಿಯ ಮೇಲೆ ಉರಿಯಬೇಕು. ಗಾಳಿ ಕೆಳಗಿನಿಂದ ಕೆಂಡದ ಮೂಲಕ ಮೇಲೇರಬೇಕು. ಬೂದಿ ಕೆಳಗಿನ ಗೂಡಿಗೆ ಬೀಳಬೇಕು. ಜಾಲರಿಗೂ ಹಂಡೆಯ ತಳಕ್ಕೂ ಒಂದು ಗೇಣಿನ ಅಂತರ ಸಾಕು. ಒಲೆಯ ಬಾಯಿ ಚಿಕ್ಕದಾಗಿದ್ದು ಅದಕ್ಕೊಂದು ತಗಡಿನ ಬಾಗಿಲಿರಬೇಕು. ಹಂಡೆಯ ಹೊಟ್ಟೆಗೂ ಒಲೆಯ ಗೋಡೆಗೂ ನಡುವೆ ಸುತ್ತಲೂ ಎರಡು ಬೆರಳಿನಷ್ಟು ಮಾತ್ರ ಜಾಗ ಬಿಟ್ಟರೆ ಬಿಸಿ ಹೊಗೆ ಹಂಡೆಯನ್ನು ತಬ್ಬಿಕೊಂಡೇ ಮೇಲೇರುತ್ತದೆ. ಕುತ್ತಿಗೆಯ ಬಳಿ ಹಂಡೆ ಮತ್ತು ಗೋಡೆಯ ಸಂದಿಯನ್ನು ಮಣ್ಣಿನಿಂದ ಭದ್ರವಾಗಿ ಮುಚ್ಚಿ, ಹೊಗೆಗೆ ಕೊಳವೆಯೊಂದೇ ದಾರಿಯಾಗುವಂತೆ ಮಾಡಬೇಕು. ಕೊಳವೆ ಸುಮಾರು ನಾಲ್ಕಂಗುಲ ವ್ಯಾಸದ್ದಾಗಿ ಮಾಡಿನ ಹೆಂಚಿಗಿಂತ ಮೂರಡಿಯಾದರೂ ಎತ್ತರ ಹೋಗಬೇಕು. ನಮ್ಮ ಮಳೆಗೆ ಅದರ ತಲೆಗೊಂದು ಟೋಪಿ ಬೇಕೇಬೇಕು. ಕೊಳವೆ ಪಕಾಸಿಗೆ ತಾಗಬಾರದು. ಎರಡು ಮೂರು ತಿಂಗಳಿಗೊಮ್ಮೆ ಒಳಗಿನ ಮಸಿಯನ್ನು ಕೆರೆದು ತೆಗೆಯಬೇಕು.

ಇಷ್ಟನ್ನು ಮಾಡಿದ ಒಲೆಯಲ್ಲಿ ಸೌದೆಯ ಉಷ್ಣದ ಮೂರನೆಯ ಒಂದು ಪಾಲಾದರೂ ನೀರಿಗೆ ಸೇರುವುದು ಸಾಧ್ಯ. ಎಂಟು ಕಿಲೋ ಬೇಕಿದ್ದಲ್ಲಿ ಮೂರು ಕಿಲೋ ಸಾಕಾಗುತ್ತದೆ. ವರ್ಷದ ಮೂರು ಟನ್ನು ಒಂದು ಟನ್ನಿನ ಸಮೀಪಕ್ಕೆ ಇಳಿಯುತ್ತದೆ. ಇದಕ್ಕೆ ಬೇಕಾಗುವ ಸಾಮಗ್ರಿ ಒಂದು ಜಾಲರಿ, ಒಂದು ತಗಡು, ಒಂದು ಕೊಳವೆ ಮತ್ತು ಊರಿನ ಮಣ್ಣು.

ಸೂರ್ಯನ ಬಿಸಿಲು ಮತ್ತು ನನ್ನ ತಪ್ಪು

ಸೂರ್ಯನ ಬಿಸಿಲಿನಿಂದ ನೀರು ಕಾಯಿಸುವ ಸಾಧನ ಈಗ ಎಲ್ಲರಿಗೂ ಪರಿಚಿತ. ಕಪ್ಪು ಬಣ್ಣ ಬಳಿದ ತಾಮ್ರದ ಹಾಳೆ ಮತ್ತು ಕೊಳವೆಗಳ ಮೇಲೆ ಗಾಜು. ಅದಕ್ಕಿಂತ ಎತ್ತರದಲ್ಲಿ ಉಷ್ಣ ಸೋರದಂತೆ ಹೊದಿಸಿದ ತೊಟ್ಟಿ. ಬಿಸಿಯಾದ ನೀರು ಹಗುರಾಗಿ ಮೇಲೇರುತ್ತದೆ, ತಣ್ಣೀರು ಕೆಳಗಿಳಿಯುತ್ತದೆ, ಪಂಪು ಬೇಕಾಗಿಲ್ಲ. ನೂರು ಲೀಟರಿನ ಸಾಧನದಲ್ಲಿ ಫಲಕದ ವಿಸ್ತೀರ್ಣ ಸುಮಾರು ಎರಡು ಚದರ ಮೀಟರ್. ಒಳ್ಳೆಯ ಬಿಸಿಲಿನ ದಿನ ಒಂದು ಚದರ ಮೀಟರಿನ ಮೇಲೆ ಬೀಳುವ ಶಕ್ತಿ ಸುಮಾರು ಐದು ಯೂನಿಟ್. ಅದರಲ್ಲಿ ಅರ್ಧ ನೀರಿಗೆ ಸೇರಿದರೂ ಐದು ಯೂನಿಟ್ ದೊರೆಯಿತು. ಒಂದು ಯೂನಿಟ್ಟೆಂದರೆ 860 ಕಿಲೋಕ್ಯಾಲೊರಿ, ಐದಕ್ಕೆ 4,300. ನಮಗೆ ಬೇಕಾದ 3,500ಕ್ಕಿಂತ ಇದು ಹೆಚ್ಚೇ ಆಯಿತು. ಇಂಧನದ ಖರ್ಚು ಸೊನ್ನೆ, ಹೊಗೆ ಸೊನ್ನೆ.

ಕರ್ನಾಟಕ ಸರಕಾರವು 2007ರಲ್ಲಿ ನಗರಗಳ ಕೆಲವು ಬಗೆಯ ಹೊಸ ಕಟ್ಟಡಗಳಿಗೆ ಇದನ್ನು ಕಡ್ಡಾಯಗೊಳಿಸಿತು. ಬೆಂಗಳೂರಿನ ಬಂಧುಗಳ ತಾರಸಿಯ ಮೇಲೆ ಇದನ್ನು ಕಂಡು ಉತ್ಸಾಹಗೊಂಡು 2009ರ ಮಾರ್ಚಿನಲ್ಲಿ ನಾನೂ ಮನೆಗೆ ತರಿಸಿದೆ. ಎಪ್ರಿಲ್, ಮೇ ತಿಂಗಳುಗಳಲ್ಲಿ ನಲ್ಲಿ ತಿರುಗಿಸಿದರೆ ಕೈ ಸುಡುವಷ್ಟು ಬಿಸಿನೀರು. ಇನ್ನು ಹಳೆಯ ಒಲೆಯೇಕೆ ಎಂದು ಅದನ್ನು ಕೀಳಿಸಿ, ಹಂಡೆಯನ್ನು ಅಟ್ಟಕ್ಕೆ ಏರಿಸಿ, ಬಚ್ಚಲಿಗೆ ಹೊಳೆಯುವ ಹೆಂಚು ಹಾಸಿಸಿದೆ. ವಿಜ್ಞಾನದ ಅಧ್ಯಾಪಕನಾಗಿದ್ದೂ ನಾನು ಒಂದು ಸರಳ ಸಂಗತಿಯನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಬೆಂಗಳೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು ಒಂದು ಸಾವಿರ ಮಿಲಿಮೀಟರ್. ನಮ್ಮಲ್ಲಿ ಸುಮಾರು ಮೂರೂವರೆ ಸಾವಿರ, ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಬಿಸಿನೀರು ಅತ್ಯಂತ ಅಗತ್ಯವಾಗಿರುವ ತಿಂಗಳುಗಳಲ್ಲೇ ಸೂರ್ಯ ಮೋಡದ ಮರೆಯಲ್ಲಿರುತ್ತಾನೆ.

ಆ ವರ್ಷದ ಜುಲೈಯಲ್ಲಿ ಮಳೆ ಹಿಡಿದು ಬಿಡಲಿಲ್ಲ. ಗಾಳಿಗೆ ಮರ ಬಿದ್ದು ವಿದ್ಯುತ್ತೂ ಇಲ್ಲ. ಎಪ್ಪತ್ತೈದು ದಾಟಿದ ನನ್ನ ತಾಯಿ ಸ್ನಾನವಿಲ್ಲದೆ ದೇವರ ಮುಂದೆ ದೀಪವಿಡುವವರಲ್ಲ. ನಾಲ್ಕು ದಿನ ಯಾರಿಗೂ ಹೇಳದೆ ತಣ್ಣೀರಿನಲ್ಲಿ ಮಿಂದರು. ಐದನೆಯ ದಿನ ಜ್ವರ ಬಂದಾಗ ನಮಗೆ ವಿಷಯ ತಿಳಿಯಿತು. “ಬಿಸಿನೀರು ಇಲ್ಲವೆಂದು ಹೇಳಬಾರದಿತ್ತೇ?” ಎಂದು ಕೇಳಿದೆ. “ನೀನು ಅಷ್ಟು ಖರ್ಚು ಮಾಡಿ ತಂದಿದ್ದಿ, ಹೇಗೆ ಹೇಳಲಿ?” ಎಂದರು. ಆ ಮಾತು ನನಗೆ ಇಂದಿಗೂ ಚುಚ್ಚುತ್ತದೆ. ಒಲೆಯ ಹೊಗೆಯಿಂದ ತಾಯಿಯನ್ನು ಬಿಡಿಸಬೇಕೆಂದು ಹೊರಟವನು, ಅವರಿಗೆ ಏನು ಬೇಕೆಂದು ಒಮ್ಮೆಯೂ ಕೇಳಿರಲಿಲ್ಲ.

ಮಳೆ ಬಿಟ್ಟ ಮೇಲೆ ಬಚ್ಚಲಿನ ಒಂದು ಮೂಲೆಯ ಹೆಂಚುಗಳನ್ನು ಎಬ್ಬಿಸಿ, ಮೇಲೆ ವಿವರಿಸಿದ ರೀತಿಯಲ್ಲಿ ಜಾಲರಿ, ಬಾಗಿಲು, ಹೊಗೆಕೊಳವೆಗಳಿರುವ ಒಲೆಯನ್ನು ಕಟ್ಟಿಸಿ ಹಂಡೆಯನ್ನು ಮತ್ತೆ ಕೂರಿಸಿದೆವು. ಆ ದೀಪಾವಳಿಯಲ್ಲಿ ಹಂಡೆಗೆ ನೀರು ತುಂಬಿಸಿದವರು ನನ್ನ ತಾಯಿಯೇ. ಅನಂತರದ ವರ್ಷಗಳಲ್ಲಿ ನಮ್ಮ ಮನೆಯ ಕ್ರಮ ಹೀಗೆ ನೆಲೆಗೊಂಡಿತು: ಅಕ್ಟೋಬರಿನಿಂದ ಮೇವರೆಗೆ ಸೂರ್ಯ, ಮಳೆಗಾಲದ ನಾಲ್ಕು ತಿಂಗಳು ಒಲೆ. ದಿನಕ್ಕೆ ಮೂರು ಕಿಲೋದಂತೆ ನೂರಿಪ್ಪತ್ತು ದಿನಗಳಿಗೆ 360 ಕಿಲೋ ಸೌದೆ. ಒಂದು ಕಾಲದ ಮೂರು ಟನ್ನಿಗೆ ಇದನ್ನು ಹೋಲಿಸಿರಿ. ತಾಯಿಯವರ ಹಳೆಯ ಕೆಮ್ಮು ಪೂರ್ತಿ ವಾಸಿಯಾಗಲಿಲ್ಲ. ಅಷ್ಟು ವರ್ಷಗಳ ಹೊಗೆ ಅಷ್ಟು ಸುಲಭದಲ್ಲಿ ಬಿಟ್ಟುಹೋಗುವುದಿಲ್ಲ. ಆದರೆ ಸೊಸೆಗೆ ಆ ಕೆಮ್ಮು ಬರಲಿಲ್ಲ.

ಸೌರ ಸಾಧನವನ್ನು ತರಿಸುವವರಿಗೆ ಕೆಲವು ಅನುಭವದ ಮಾತುಗಳು. ಫಲಕ ದಕ್ಷಿಣಕ್ಕೆ ಮುಖ ಮಾಡಿರಬೇಕು. ನಮ್ಮ ಅಕ್ಷಾಂಶಕ್ಕೆ ಸುಮಾರು ಇಪ್ಪತ್ತು ಡಿಗ್ರಿ ಓರೆ ಚಳಿಗಾಲಕ್ಕೆ ಅನುಕೂಲ. ಬೆಳಗ್ಗೆ ಒಂಬತ್ತರಿಂದ ಮಧ್ಯಾಹ್ನ ಮೂರರವರೆಗೆ ತೆಂಗು, ಕಂಗುಗಳ ನೆರಳು ಬೀಳದ ಸ್ಥಳವನ್ನು ಹುಡುಕಬೇಕು. ತೋಟದ ನಡುವಿನ ಮನೆಗಳಿಗೆ ಇದೇ ದೊಡ್ಡ ತೊಡಕು. ತೆಂಗಿನಕಾಯಿಯಾಗಲಿ ಮಡಲಾಗಲಿ ಬೀಳುವ ಜಾಗದಲ್ಲಿ ಗಾಜಿನ ನಳಿಕೆಗಳ ಮಾದರಿಯನ್ನು ಎಂದಿಗೂ ಇಡಬಾರದು. ತಣ್ಣೀರಿನ ತೊಟ್ಟಿ ಸೌರ ತೊಟ್ಟಿಗಿಂತ ಎತ್ತರದಲ್ಲಿರಬೇಕು. ಮುರಕಲ್ಲಿನ ನೆಲದ ಬಾವಿನೀರು ಸಾಮಾನ್ಯವಾಗಿ ಸ್ವಲ್ಪ ಆಮ್ಲಗುಣದ್ದಾಗಿದ್ದು ಲೋಹವನ್ನು ತಿನ್ನುತ್ತದೆ. ತೊಟ್ಟಿಯೊಳಗೆ ಮೆಗ್ನೀಸಿಯಂ ಸರಳು ಇದ್ದರೆ ವರ್ಷಕ್ಕೊಮ್ಮೆ ನೋಡಿಸಿ ಬದಲಾಯಿಸಬೇಕು. ಬಚ್ಚಲು ದೂರವಿದ್ದರೆ ಕೊಳವೆಯ ಉದ್ದವನ್ನು ಗಮನಿಸಿರಿ. ಅರ್ಧ ಇಂಚಿನ ಇಪ್ಪತ್ತು ಮೀಟರ್ ಕೊಳವೆಯಲ್ಲಿ ಮೂರೂವರೆ ಲೀಟರ್ ನೀರು ನಿಂತಿರುತ್ತದೆ. ಪ್ರತಿ ಸಲ ಅಷ್ಟು ತಣ್ಣೀರು ಹೋದ ಮೇಲೆಯೇ ಬಿಸಿನೀರು. ಕೊಳವೆಗೆ ಹೊದಿಕೆ ಹಾಕಿಸಿ, ಆ ಮೊದಲ ನೀರನ್ನು ಬಕೆಟಿಗೆ ಹಿಡಿಯಬೇಕು.

ವಿದ್ಯುತ್ತು, ಅನಿಲ, ಗೋಬರ್

ವಿದ್ಯುತ್ ಗೀಸರಿನಲ್ಲಿ ನಮ್ಮ ನೂರು ಲೀಟರಿಗೆ ನಾಲ್ಕು ಯೂನಿಟ್ಟಿಗಿಂತ ಸ್ವಲ್ಪ ಹೆಚ್ಚು ಬೇಕು. ತಿಂಗಳಿಗೆ ಸುಮಾರು 125 ಯೂನಿಟ್. ಕೇರಳದಲ್ಲಿ ಬಳಕೆ ಹೆಚ್ಚಿದಂತೆ ಯೂನಿಟ್ಟಿನ ದರವೂ ಏರುವ ಪದ್ಧತಿ ಇರುವುದರಿಂದ, ಈ ಹೆಚ್ಚಳ ಉಳಿದ ಬಳಕೆಯನ್ನೂ ಮೇಲಿನ ದರಕ್ಕೆ ತಳ್ಳಬಹುದು. ಹಳ್ಳಿಯಲ್ಲಿ ಬೆಳಗಿನ ಹೊತ್ತು ವೋಲ್ಟೇಜು 230ರಿಂದ 180ಕ್ಕೆ ಇಳಿದರೆ ಗೀಸರಿನ ಸಾಮರ್ಥ್ಯ ನೂರಕ್ಕೆ ಅರುವತ್ತೊಂದಕ್ಕೆ ಇಳಿಯುತ್ತದೆ; ಏಕೆಂದರೆ ಅದು ವೋಲ್ಟೇಜಿನ ವರ್ಗಕ್ಕೆ ಅನುಗುಣವಾದುದು. ಗೀಸರನ್ನು ಇರಿಸುವವರು ಸ್ನಾನಕ್ಕೆ ಅರ್ಧ ಗಂಟೆ ಮೊದಲು ಹಾಕಿ, ಕೂಡಲೇ ಆರಿಸುವ ಅಭ್ಯಾಸವನ್ನಾದರೂ ಇಟ್ಟುಕೊಳ್ಳಬೇಕು.

ಹೀಟ್ ಪಂಪ್ ಎಂಬ ಹೊಸ ಸಾಧನ ವಿದ್ಯುತ್ತಿನಿಂದ ಉಷ್ಣವನ್ನು ಉಂಟುಮಾಡುವುದಿಲ್ಲ. ಶೀತಕಪೆಟ್ಟಿಗೆಯ ಕೆಲಸವನ್ನು ತಿರುಗಿಸಿ, ಹೊರಗಿನ ಗಾಳಿಯ ಉಷ್ಣವನ್ನು ನೀರಿಗೆ ಸಾಗಿಸುತ್ತದೆ. ಒಂದು ಯೂನಿಟ್ಟಿಗೆ ಮೂರು ಯೂನಿಟ್ಟಿನಷ್ಟು ಉಷ್ಣ ನೀರಿಗೆ ಸೇರುವುದರಿಂದ ನಾಲ್ಕು ಯೂನಿಟ್ಟಿನ ಕೆಲಸ ಒಂದೂವರೆಯಲ್ಲಿ ಮುಗಿಯುತ್ತದೆ. ನಮ್ಮ ಮಳೆಗಾಲದ ಗಾಳಿ ತೇವವಾಗಿದ್ದರೂ ಬೆಚ್ಚಗೇ ಇರುವುದರಿಂದ ಇದು ಇಲ್ಲಿಗೆ ಹೊಂದುತ್ತದೆ. ಆದರೆ ಬೆಲೆ ದೊಡ್ಡದು. ವಸತಿನಿಲಯ, ಛತ್ರ, ಆಸ್ಪತ್ರೆಗಳಿಗೆ ಮೊದಲು ಸಲ್ಲುವ ಸಾಧನ.

ಅನಿಲದ ಹೀಟರಿನಲ್ಲಿ ನೂರು ಲೀಟರಿಗೆ ಸುಮಾರು ನಾನೂರು ಗ್ರಾಂ ಅನಿಲ ಬೇಕು. 14.2 ಕಿಲೋದ ಒಂದು ಸಿಲಿಂಡರ್ ಸ್ನಾನಕ್ಕೇ ಮೂವತ್ತೈದು ದಿನಗಳಲ್ಲಿ ಮುಗಿಯುತ್ತದೆ. 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯಿಂದ ಎಷ್ಟೋ ಬಡ ಮನೆಗಳ ಅಡುಗೆಗೆ ಅನಿಲ ಬಂದರೂ ಬಚ್ಚಲಿಗೆ ಬಾರದಿರಲು ಇದೇ ಕಾರಣ. ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು: ಅನಿಲದ ಹೀಟರನ್ನು ಮುಚ್ಚಿದ ಸ್ನಾನದ ಕೋಣೆಯೊಳಗೆ ಇರಿಸಬಾರದು. ಉರಿಗೆ ಸಾಕಷ್ಟು ಗಾಳಿ ಸಿಗದಿದ್ದರೆ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಜೀವವನ್ನೇ ತೆಗೆಯುತ್ತದೆ. ಕೊಳವೆಯಿಲ್ಲದ ಸೌದೆ ಒಲೆಯಿರುವ ಬಚ್ಚಲಿನ ಕಿಟಕಿಯನ್ನು ಮುಚ್ಚುವುದೂ ಅಷ್ಟೇ ಅಪಾಯ.

ಗೋಬರ್ ಅನಿಲದ ಮಾತನ್ನೂ ಹೇಳಬೇಕು. ಎರಡು ಘನಮೀಟರಿನ ಸ್ಥಾವರಕ್ಕೆ ದಿನಕ್ಕೆ ಐವತ್ತು ಕಿಲೋ ಸಗಣಿ ಬೇಕು. ಅಷ್ಟಿದ್ದರೆ ಅಡುಗೆ ಮುಗಿದ ಮೇಲೆ ಸ್ನಾನದ ನೀರಿಗೂ ಅನಿಲ ಉಳಿಯುತ್ತದೆ, ಮಳೆಗಾಲದಲ್ಲೂ ಕೈಕೊಡದು, ಗೊಬ್ಬರ ತೋಟಕ್ಕೆ ಲಾಭ. ಆದರೆ ನಮ್ಮ ಕಾಸರಗೋಡು ಗಿಡ್ಡ ತಳಿಯ ಹಸು ಸಣ್ಣ ದೇಹದ್ದು, ಸಗಣಿಯೂ ಮಿತ. ಹಟ್ಟಿಯಲ್ಲಿ ಒಂದೆರಡೇ ಹಸುಗಳಿರುವ ಮನೆಗೆ ಇದು ಅಡುಗೆಗೆ ಒದಗಿದರೆ ಹೆಚ್ಚು.

ಯಾವ ಮನೆಗೆ ಯಾವುದು?

ಇಷ್ಟನ್ನೂ ನೋಡಿದ ಮೇಲೆ ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುತ್ತೇನೆ. ನಮ್ಮಂಥ ಮಳೆನಾಡಿಗೆ ಒಂದೇ ಸಾಧನ ವರ್ಷವಿಡೀ ಸಾಲದು. ಹೊಸದನ್ನು ಕೊಳ್ಳುವ ಮೊದಲು ಇರುವುದನ್ನು ತಿದ್ದಬೇಕು. ಮುಚ್ಚಳ, ಒಣ ಸೌದೆ ಮತ್ತು ಬೇಕಾದಷ್ಟೇ ಬಿಸಿ, ಇವು ಮೂರಕ್ಕೆ ಖರ್ಚೇ ಇಲ್ಲ. ಇವು ಮೊದಲ ಮೆಟ್ಟಿಲು. ಜಾಲರಿ ಮತ್ತು ಹೊಗೆಕೊಳವೆಯ ಒಲೆ ಎರಡನೆಯದು. ಸೌದೆಯುಳ್ಳ ಯಾವ ಮನೆಯೂ ಇದನ್ನು ತಪ್ಪಿಸಬಾರದು. ನೆರಳಿಲ್ಲದ ಮಾಡು ಮತ್ತು ಕೈಯಲ್ಲಿ ಹಣ ಇದ್ದರೆ ಸೌರ ಸಾಧನ ಮೂರನೆಯದು. ಅದು ಬಂದ ಮೇಲೂ ಒಲೆಯನ್ನು ಕೀಳಬಾರದು. ಸೌದೆಯೂ ತೋಟವೂ ಇಲ್ಲದ, ಪೇಟೆಗೆ ಸಮೀಪದ ಮನೆಗಳಿಗೆ ಮಾತ್ರ ವಿದ್ಯುತ್ತಿನ ಅಥವಾ ಅನಿಲದ ಸಾಧನ ತಕ್ಕುದು.

ಇನ್ನೊಂದು ಮಾತು. ನಾವು ಎರಡು ಭಾಷೆಗಳ ನಡುವಿನ ಜನ. ಕೇರಳದ ಅನರ್ಟ್ ಸಂಸ್ಥೆ 1986ರಿಂದ ಸೌರಶಕ್ತಿ ಮತ್ತು ಇತರ ಬದಲಿ ಇಂಧನಗಳ ಕ್ಷೇತ್ರದಲ್ಲಿ ಕೆಲಸ ಮಾಡುತ್ತಿದೆ. ಆದರೆ ಇಂಥ ವಿಷಯಗಳ ತಿಳುವಳಿಕೆ ಮಲಯಾಳ ಓದಲು ಬಾರದ ನಮ್ಮ ಹಿರಿಯ ಹೆಂಗಸರಿಗೆ, ಅಂದರೆ ಒಲೆಯ ಮುಂದೆ ಕುಳಿತವರಿಗೇ, ತಲುಪುವುದು ಕಡಿಮೆ. ಕರ್ನಾಟಕದಲ್ಲಿ ಕನ್ನಡದಲ್ಲಿ ಬಂದ ಪುಸ್ತಿಕೆಗಳು ಗಡಿ ದಾಟಿ ಬರುವುದೂ ಅಪರೂಪ. ಈ ಕೊರತೆಯನ್ನು ಕನ್ನಡ ಶಾಲೆಯಲ್ಲಿ ಕಲಿತವರೇ ತುಂಬಬೇಕು. ಎರಡೂ ಭಾಷೆಗಳನ್ನು ಬಲ್ಲ ನಮ್ಮ ತರುಣರು ಓದಿ ತಿಳಿದುದನ್ನು ಮನೆಯ ಅಜ್ಜಿಗೆ ಅವರ ಮಾತಿನಲ್ಲಿ ಹೇಳಿದರೆ ಅದೇ ದೊಡ್ಡ ಸೇವೆ.

ಮನೆಪಾಠ

ಪಾಠವೆಂದ ಮೇಲೆ ಕೊನೆಗೊಂದು ಅಭ್ಯಾಸ ಬೇಕು. ಓದುಗರು ತಮ್ಮ ಮನೆಯ ಒಲೆಯ ದಕ್ಷತೆಯನ್ನು ತಾವೇ ಅಳೆಯಬಹುದು. ಹಂಡೆಯ ನೀರನ್ನು ಕೊಡಪಾನದಿಂದ ಅಳೆದು ಎಷ್ಟು ಲೀಟರೆಂದು ಬರೆದುಕೊಳ್ಳಿರಿ. ಉಷ್ಣಮಾಪಕದಿಂದ ಮೊದಲಿನ ಮತ್ತು ಕೊನೆಯ ಉಷ್ಣತೆಯನ್ನು ನೋಡಿರಿ. ಉರಿಸಿದ ಸೌದೆಯನ್ನು ತೂಗಿರಿ. ಲೀಟರನ್ನು ಏರಿದ ಡಿಗ್ರಿಯಿಂದ ಗುಣಿಸಿ. ಸೌದೆಯ ಕಿಲೋವನ್ನು 3,500ರಿಂದ ಗುಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ ನೂರರಿಂದ ಗುಣಿಸಿರಿ. ಉತ್ತರ ಹದಿನೈದಕ್ಕಿಂತ ಕಡಿಮೆ ಬಂದರೆ ಒಲೆಯನ್ನು ತಿದ್ದುವ ಕಾಲ ಬಂದಿದೆ ಎಂದರ್ಥ. ಶಾಲೆಯಲ್ಲಿ ಓದುವ ಮಕ್ಕಳಿರುವ ಮನೆಯಲ್ಲಿ ಈ ಕೆಲಸವನ್ನು ಅವರಿಂದಲೇ ಮಾಡಿಸಿರಿ.

ನಮಗೆ ಈ ಪ್ರಶ್ನೆಯನ್ನು ಕೇಳಿದ ಗುರುಗಳು ಇಂದು ನಮ್ಮೊಡನಿಲ್ಲ. ಉತ್ತರವನ್ನು ಅವರು ಮರುದಿನವೇ ಹೇಳಿದ್ದರು. ಅದನ್ನು ನನ್ನ ಮನೆಯ ಬಚ್ಚಲಿಗೆ ತರಲು ನನಗೆ ಮೂವತ್ತು ವರ್ಷ ಬೇಕಾಯಿತು. ಇದನ್ನು ಓದಿದವರಿಗೆ ಅಷ್ಟು ಕಾಲ ಬೇಕಾಗದಿರಲಿ ಎಂಬುದೇ ನನ್ನ ಆಶಯ. ವಿದ್ಯೆಯ ಜೊತೆಗೆ ಅದನ್ನು ಮನೆಯಲ್ಲಿ ಬಳಸುವ ವಿವೇಕವನ್ನೂ ಕೊಟ್ಟ ಈ ಕನ್ನಡ ಶಾಲೆಯು ಶತಮಾನೋತ್ಸವವನ್ನೂ ಕಾಣಲಿ, ಅದರ ತರಗತಿಗಳಲ್ಲಿ ಇಂತಹ ಪ್ರಶ್ನೆಗಳು ಕೇಳಿಬರುತ್ತಲೇ ಇರಲಿ ಎಂದು ಹಾರೈಸುತ್ತೇನೆ.